ಕಾಕಾ ಕೆತ್ತಿದ ಪಂಕಾ

ಪ್ರೊಪೆಲ್ಲರ್ ಎಂಬ ಶಬ್ದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ನೆಟ್ಟಗೆ ಹೊರಳಲಿಲ್ಲ. ಅವ್ವ ಫ್ಯಾನು ಅಂದಳು, ಕಾಕಾ ಪಂಕಾ ಅಂದ. ಕೊನೆಗೆ ಎಲ್ಲರೂ ಪಂಕಾ ಅಂತಲೇ ಕರೆಯತೊಡಗಿದೆವು. ಅದರ ಒಂದು ಮುರಿದ ತುಂಡು ಈಗಲೂ ನನ್ನ ಟೇಬಲ್ಲಿನ ಡ್ರಾದಲ್ಲಿದೆ. ನಾಲ್ಕು ಇಂಚಿನ ಸಾಗವಾನಿ. ಒಂದು ತುದಿ ನುಣುಪು, ಇನ್ನೊಂದು ತುದಿ ಸೀಳಿದ ಕಬ್ಬಿನ ಹಾಗೆ ಎಳೆ ಎಳೆ. ಇದನ್ನು ಬರೆಯಲು ನನಗೆ ಎರಡು ವರ್ಷ ಬೇಕಾಯಿತು.

ನಮ್ಮದು ಬಡಿಗೇರ ಮನೆತನ. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಜ್ಜ ಚಕ್ಕಡಿ ಮಾಡುತ್ತಿದ್ದ. ಕಾಕಾ ಕೂರಿಗೆ, ಕುಂಟೆ, ರಂಟೆ ಮಾಡಿದ. ಟ್ರ್ಯಾಕ್ಟರ್ ಬಂದ ಮೇಲೆ ಬಾಗಿಲು ಚೌಕಟ್ಟಿಗೆ ಇಳಿದ. ನಾನು ಉಳಿ ಬಿಟ್ಟು ಪೆನ್ನು ಹಿಡಿದವನು. ಪತ್ರಿಕೋದ್ಯಮ ಓದಿ, ಸವದತ್ತಿ–ರಾಮದುರ್ಗ ಭಾಗಕ್ಕೆ ಒಂದು ಪತ್ರಿಕೆಯ ಅರೆಕಾಲಿಕ ವರದಿಗಾರನಾಗಿದ್ದೆ. ಕಾಕಾನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದ. ಹತ್ತರಗಿಯಲ್ಲಿ ಏಕಸ್ ಕಂಪನಿ ವಿಮಾನದ ಬಿಡಿಭಾಗ ಮಾಡುತ್ತದಲ್ಲ, ಅಲ್ಲಿ ಕೆಲಸ ಹಿಡಿಯಬೇಕು ಎಂಬುದು ಅವನ ಆಸೆ. ಕೆಲಸ ಸಿಗುವ ಮೊದಲೇ ಒಂದು ವಿಮಾನ ಮಾಡಿ ನೋಡೋಣ ಅಂತ ಮನೆಯ ಮಾಳಿಗೆ ಮೇಲೆ ಕೂತ.

ಮನುಷ್ಯ ಕೂರುವ ವಿಮಾನವಲ್ಲ. ಫೋಮ್ ಹಾಳೆ ಕತ್ತರಿಸಿ ಅಂಟಿಸಿದ, ರಿಮೋಟಿನಿಂದ ಹಾರುವ ವಿಮಾನ. ರೆಕ್ಕೆಯ ತುದಿಯಿಂದ ತುದಿಗೆ ನಾಲ್ಕು ಅಡಿ, ತೂಕ ಒಂದು ಕಿಲೋದೊಳಗೆ. ಮೋಟಾರು, ಬ್ಯಾಟರಿ, ರಿಮೋಟು ಆನ್‌ಲೈನಿನಲ್ಲಿ ಬಂದವು. ರೊಕ್ಕ ಕಾಕಾ ಕೊಟ್ಟ, ಹೋದ ವರ್ಷದ ಹತ್ತಿ ಬೆಳೆ ಮಾರಿದ್ದರಲ್ಲಿ. ಎಲ್ಲಾ ಮುಗಿದ ಮೇಲೆ ಉಳಿದದ್ದು ಪಂಕಾ ಒಂದೇ. ಎಲ್ಲಕ್ಕಿಂತ ಅಗ್ಗದ ಸಾಮಾನು ಅದು. ಅದರ ಆಯ್ಕೆಯಲ್ಲೇ ನಾವು ಮೂರು ತಿಂಗಳು ಎಡವಿದೆವು.

ಪಂಕದ ಮೇಲೆ ಎರಡು ಅಂಕಿ ಇರುತ್ತವೆ. 10×4.5 ಅಂದರೆ ತುದಿಯಿಂದ ತುದಿಗೆ 10 ಇಂಚು. ಒಂದು ಸುತ್ತು ತಿರುಗಿದರೆ, ಗಾಳಿ ಬೆಣ್ಣೆಯಷ್ಟು ಗಟ್ಟಿ ಇದ್ದಿದ್ದರೆ, 4.5 ಇಂಚು ಮುಂದೆ ಕೊರೆದುಕೊಂಡು ಹೋಗುತ್ತಿತ್ತು ಎಂದು ಅರ್ಥ. ಈ ಎರಡನೇ ಅಂಕಿಗೆ ಪಿಚ್ ಅನ್ನುತ್ತಾರೆ. ಮೋಟಾರಿನ ಜೊತೆ ಬಂದ ಚೀಟಿಯಲ್ಲಿ 10×4.5 ಹಾಕಿರಿ ಅಂತ ಇತ್ತು. ಹುಡುಗ, ದೊಡ್ಡದು ಹಾಕಿದರೆ ಜೋರು ಜಗ್ಗುತ್ತದೆ ಅಂತ 11×7 ತರಿಸಿದ. ಅರ್ಧ ನಿಮಿಷ ತಿರುಗಿತು. ಆಮೇಲೆ ಮೋಟಾರಿಗೆ ಕರೆಂಟು ಹಂಚುವ ಪುಟ್ಟ ಪೆಟ್ಟಿಗೆಯಿಂದ ಹೊಗೆ ಬಂತು, ಮಾಳಿಗೆ ತುಂಬ ಸುಟ್ಟ ವಾಸನೆ.

ಲೆಕ್ಕ ಆಮೇಲೆ ಗೊತ್ತಾಯಿತು. ತಿರುಗುವ ವೇಗ ಅಷ್ಟೇ ಇಟ್ಟುಕೊಂಡರೆ, ಪಂಕಾ ಕೇಳುವ ಶಕ್ತಿ ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಪಿಚ್ ಏರಿದಂತೆಯೂ ಏರುತ್ತದೆ. ಒಂದೇ ಇಂಚು ಹೆಚ್ಚಾಯಿತಲ್ಲ ಅಂತ ನಾವು ಅಂದುಕೊಂಡದ್ದು ಸುಮಾರು 2.3 ಪಟ್ಟು ಭಾರ. ನಾನು ಕಾಗದದ ಮೇಲೆ ಇದನ್ನು ಬಿಡಿಸುತ್ತಿದ್ದಾಗ ಕಾಕಾ ಬಂದು ನಿಂತ. ಸ್ವಲ್ಪ ಹೊತ್ತು ಪಂಕವನ್ನು ತಿರುವಿ ಮುರುವಿ ನೋಡಿ ಅಂದ:

“ಇದು ಕುಂಟಿ ಕುಡಾ ಇದ್ದಂಗ ಐತಲ್ಲೋ ತಮ್ಮಾ. ಕುಡಾ ಜಾಸ್ತಿ ಓರೆ ಕೊಟ್ರ ನೆಲಕ್ಕ ಕಚ್ಚತೈತಿ, ಎತ್ತು ನಿಂತ ಬಿಡತಾವ. ಕಡಿಮಿ ಕೊಟ್ರ ಮ್ಯಾಲ ಮ್ಯಾಲ ತೇಲಿ ಹೋಕ್ಕೈತಿ, ಕಸ ಹಂಗ ಉಳೀತೈತಿ. ಎತ್ತು ಎಂಥವು ಅಂತ ನೋಡಿ ಓರೆ ಕೊಡಬೇಕು.”

ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಿಲ್ಲ.

ಅವತ್ತಿನಿಂದ ಕಾಕಾ ಕೂಡ ನಮ್ಮ ಜೊತೆ ಕೂತ. ನಾನು ಅವನಿಗೆ ರೈಟ್ ಸಹೋದರರ ಕಥೆ ಹೇಳಿದೆ. 1903ರ ಡಿಸೆಂಬರ್ 17ರಂದು ಹಾರುವ ಮೊದಲು ಅವರನ್ನೂ ಪಂಕವೇ ಕಾಡಿತ್ತು. ಹಡಗಿನ ಪಂಕದ ಲೆಕ್ಕ ಎಲ್ಲಾದರೂ ಬರೆದಿಟ್ಟಿರುತ್ತಾರೆ, ಅದನ್ನೇ ಬಳಸೋಣ ಅಂತ ಹುಡುಕಿದರು. ಅವರಿಗೆ ಬೇಕಾದ ಲೆಕ್ಕ ಸಿಗಲಿಲ್ಲ. ಕೊನೆಗೆ ಇಬ್ಬರೂ ಜಗಳಾಡುತ್ತಾ ಕಂಡುಕೊಂಡದ್ದು ಇಷ್ಟು: ಪಂಕಾ ಅಂದರೆ ಸುತ್ತು ತಿರುಗುವ ರೆಕ್ಕೆ, ಬೇರೇನೂ ಅಲ್ಲ. ಸ್ಪ್ರೂಸ್ ಮರದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಎಂಟೂವರೆ ಅಡಿಯ ಎರಡು ಪಂಕಗಳನ್ನು ಕೈಯಿಂದಲೇ ಕೆತ್ತಿದರು.

“ಬಾಚಿಲೇ ಕೆತ್ತಿದ್ರೇನು?” ಅಂದ ಕಾಕಾ. ಕೈಗೊಡಲಿ, ಎಳೆಯುವ ಕತ್ತಿ ಬಳಸಿದರಂತೆ ಅಂದೆ. ಕಾಕಾ ಎದ್ದು ಹೋಗಿ ಕಟ್ಟಿಗೆ ರಾಶಿಯಲ್ಲಿ ಕೈಯಾಡಿಸತೊಡಗಿದ. ಹಲಗೆಗಳನ್ನು ಅಂಟಿಸಿದ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ. ನಾನಂತೂ ಒತ್ತಿ ಹೇಳಲಿಲ್ಲ.

ಕಿತ್ತೂರಿನಲ್ಲಿ ಒಂದು ಹಳೇ ಮನೆ ಕೆಡವಿದಾಗ ತಂದಿಟ್ಟ ಸಾಗವಾನಿ ತುಂಡು ಆರಿಸಿದ. ಹುಡುಗ ರಟ್ಟಿನಲ್ಲಿ ಅಳತೆ ಕತ್ತರಿಸಿಕೊಟ್ಟ. ಪಂಕದ ಓರೆ ಎಲ್ಲ ಕಡೆ ಒಂದೇ ಇರುವುದಿಲ್ಲ. ನಡುವಿನ ಹತ್ತಿರದ ಭಾಗ ಸಣ್ಣ ಸುತ್ತು ಹಾಕುತ್ತದೆ, ತುದಿ ದೊಡ್ಡ ಸುತ್ತು ಹಾಕುತ್ತದೆ. ಎರಡೂ ಒಂದೇ ಸಮ ಮುಂದೆ ಹೋಗಬೇಕಾದರೆ ಬುಡದಲ್ಲಿ ಓರೆ ಹೆಚ್ಚು, ತುದಿಯಲ್ಲಿ ಕಡಿಮೆ ಬೇಕು. 10×4.5ಕ್ಕೆ ನಡುವಿನಿಂದ 2 ಇಂಚಿನಲ್ಲಿ ಸುಮಾರು 20 ಡಿಗ್ರಿ, ತುದಿಯಲ್ಲಿ 8. ಇದನ್ನು ಕಾಕಾನಿಗೆ ತಿಳಿಸಲು ಕಷ್ಟವಾಗಬಹುದು ಅಂದುಕೊಂಡಿದ್ದೆ. ಅವನು ಹೊಲದ ಆಚೆ ಸವದತ್ತಿ ಗುಡ್ಡದ ಕಡೆ ಕೈ ಮಾಡಿದ. “ಆ ಗಾಳಿಯಂತ್ರದ ರೆಕ್ಕಿ ಲಾರ್‍ಯಾಗ ಹೊಂಟಾಗ ನೋಡೇನಿ. ಬುಡಕ್ಕ ತಿರುವು ಭಾಳ, ತುದೀಗೆ ಹಲಿಗಿ ಇದ್ದಂಗ.” ಗಾಳಿಯಂತ್ರದ ಕೆಲಸ ತಿರುಗಾಮುರುಗಾ, ಅದು ಗಾಳಿಯಿಂದ ಶಕ್ತಿ ಕಸಿದುಕೊಳ್ಳುತ್ತದೆ, ಪಂಕಾ ಗಾಳಿಗೆ ಶಕ್ತಿ ಕೊಡುತ್ತದೆ. ಆದರೆ ತಿರುವಿನ ಕಾರಣ ಒಂದೇ. ರಸ್ತೆಬದಿ ನಿಂತು ಆ ಲಾರಿಗಳ ಫೋಟೊ ನಾನೂ ತೆಗೆದಿದ್ದೇನೆ, ಸಂಚಾರ ಅಸ್ತವ್ಯಸ್ತ ಅಂತ ಸುದ್ದಿ ಮಾಡಲು. ತಿರುವು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆ ರಾತ್ರಿಗಳಲ್ಲಿ ಹುಡುಗ ದೊಡ್ಡ ವಿಮಾನದ ಮಾತು ತೆಗೆಯುತ್ತಿದ್ದ. ಮುಂಬೈನ ಕಾಂದಿವಲಿಯಲ್ಲಿ ಪೈಲಟ್ ಅಮೋಲ್ ಯಾದವ್ ತನ್ನ ಕಟ್ಟಡದ ಛಾವಣಿಯ ಮೇಲೇ ವಿಮಾನ ಕಟ್ಟಿ, 2016ರಲ್ಲಿ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಟ್ಟದ್ದು, 2017ರಲ್ಲಿ ಅದಕ್ಕೆ ನೋಂದಣಿ ಸಿಕ್ಕಿದ್ದು ಅವನಿಗೆ ಬಾಯಿಪಾಠ. ನಮ್ಮ ಕಡೆ ಅಂಥದ್ದೊಂದು ಕಟ್ಟಿದರೆ ಯಾವ ಪಂಕಾ ಹಾಕಬೇಕು ಅಂತ ಲೆಕ್ಕ ಹಾಕುತ್ತಿದ್ದೆವು. ಆರು ಅಡಿಯ ಪಂಕಾ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ 287 ಮೀಟರ್, ಶಬ್ದದ ವೇಗದ ಹತ್ತಿರ ಹತ್ತಿರ. ಅದಕ್ಕಿಂತ ಮೇಲೆ ಹೋದರೆ ಗದ್ದಲ ಜಾಸ್ತಿ, ಜಗ್ಗುವುದು ಕಡಿಮೆ. ಸಾಂಬ್ರಾ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಏಪ್ರಿಲಿನಲ್ಲಿ 38 ಡಿಗ್ರಿ ಬಿಸಿಲು ಬಿದ್ದರೆ ಅಲ್ಲಿನ ಗಾಳಿ ಎಷ್ಟು ತೆಳ್ಳಗಾಗುತ್ತದೆಂದರೆ, ವಿಮಾನಕ್ಕೆ ತಾನು 5,800 ಅಡಿ ಎತ್ತರದಲ್ಲಿ ಇದ್ದಂತೆ ಅನಿಸುತ್ತದೆ. ಎಂಜಿನ್ನೂ ಬಡಕಲು, ಪಂಕಕ್ಕೆ ಹಿಡಿಯಲು ಗಾಳಿಯೂ ಕಡಿಮೆ. ಓರೆ ಬದಲಾಗದ ಪಂಕಾ ಆದರೆ ಒಂದನ್ನು ಬಿಡಬೇಕು: ಕಡಿಮೆ ಪಿಚ್ಚಿನದು ಬೇಗ ನೆಲ ಬಿಡಿಸುತ್ತದೆ, ಮೇಲೆ ಹೋದ ಮೇಲೆ ವೇಗ ಕೊಡುವುದಿಲ್ಲ, ಹೆಚ್ಚು ಪಿಚ್ಚಿನದು ಮೇಲೆ ಓಡುತ್ತದೆ, ಆದರೆ ಏಳುವಾಗ ರನ್‌ವೇ ಸಾಲದು. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ ವಿಮಾನದಲ್ಲಿ ಹಾರುವಾಗಲೇ ಓರೆ ಬದಲಾಗುವ ಪಂಕಾ ಇದೆ. ಅದರ ಬೆಲೆಯ ಸುದ್ದಿ ಬಂದಾಗ ನಾವು ಮಲಗಲು ಹೋಗುತ್ತಿದ್ದೆವು.

ಕಾಕಾ ಎಂಟು ದಿನದಲ್ಲಿ ಪಂಕಾ ಕೆತ್ತಿದ. ಚಂದ ಇತ್ತು. ನಿಜ ಹೇಳುತ್ತೇನೆ, ನಾನು ಅದನ್ನು ಪಂಕವಾಗಿ ನೋಡಲಿಲ್ಲ, ತಲೆಬರಹವಾಗಿ ನೋಡಿದೆ. ಕೂರಿಗೆ ಕೆತ್ತಿದ ಕೈ, ವಿಮಾನದ ಪಂಕಾ ಕೆತ್ತಿತು. ಜಿಲ್ಲಾ ಪುಟದ ಮೂಲೆಯಲ್ಲಿ ಅರ್ಧ ಕಾಲಂ ಬರೆಯುತ್ತಿದ್ದವನಿಗೆ ಭಾನುವಾರದ ಪುರವಣಿಯಲ್ಲಿ ಜಾಗ ಕೊಡುತ್ತೇವೆ ಅಂದಿದ್ದರು. ಪುಟ ಶುಕ್ರವಾರ ರಾತ್ರಿ ಮುಗಿಯುತ್ತದೆ. ಹಾರಿಸುವುದು ಶನಿವಾರ ಬೆಳಗ್ಗೆ.

ಶುಕ್ರವಾರ ಸಂಜೆ ಕಾಕಾ ಪಂಕವನ್ನು ಬೆಳಕಿಗೆ ಹಿಡಿದು ಅಂದ, “ತಮ್ಮಾ, ನಡುವ ಎಳಿ ಓರೆ ಐತಿ. ತೂತಿನ ಕಡೆ ಹಾದು ಹೊಂಟೈತಿ. ಇನ್ನೊಂದು ಕೆತ್ತತೇನಿ, ಎಂಟ ದಿನಾ ಕೊಡು.”

“ಒಮ್ಮೆ ಹಾರಿಸೋಣ ಕಾಕಾ, ಆಮ್ಯಾಲ ಇನ್ನೊಂದು ಮಾಡು” ಅಂದೆ. ರಾತ್ರಿ ಒಂಬತ್ತಕ್ಕೆ ಬರಹ ಕಳಿಸಿದೆ. ಶನಿವಾರ ಬೆಳಗ್ಗೆ ಕಡಲೆ ಕಿತ್ತ ಎರಿ ಹೊಲದಿಂದ ವಿಮಾನ ಯಶಸ್ವಿಯಾಗಿ ಹಾರಿತು ಅಂತ, ಹಾರುವ ಮೊದಲೇ ಬರೆದಿದ್ದೆ.

ಬೆಳಗ್ಗೆ ಹುಡುಗ ವಿಮಾನದ ಹಿಂದೆ ಕೂತಿದ್ದ. ಅಲ್ಲೇ ಇರಬೇಕಾದದ್ದು. ತಿರುಗುವ ಪಂಕದ ಅಡ್ಡ ನೇರಕ್ಕೆ ಯಾರೂ ಇರಬಾರದು, ಮುರಿದರೆ ತುಂಡು ಹೋಗುವುದು ಆ ಕಡೆಗೇ. ಅದು ಅವನಿಗೆ ಗೊತ್ತಿತ್ತು. ನಾನೇ, ಮುಖ ಕಾಣವಲ್ದು, ಈ ಕಡೆ ಪಕ್ಕಕ್ಕೆ ಬಾ, ಬಲಗೈ ರೆಕ್ಕಿ ಮ್ಯಾಲ ಇಡು ಅಂದೆ. ಬಂದ. ಎಡಗೈಯಲ್ಲಿ ರಿಮೋಟು ಏರಿಸಿದ. ನಿಮಿಷಕ್ಕೆ 8,000 ಸುತ್ತು ಅಂದರೆ ಹತ್ತು ಇಂಚಿನ ಪಂಕದ ತುದಿ ಗಂಟೆಗೆ 380 ಕಿಲೋಮೀಟರಿಗಿಂತ ಜೋರಾಗಿ ಓಡುತ್ತಿರುತ್ತದೆ. ಒಣ ತೊಗರಿ ಕಟ್ಟಿಗೆ ಮುರಿದಷ್ಟೇ ಸಪ್ಪಳ. ಅರ್ಧ ಪಂಕಾ ಅವನ ಬಲಗೈ ಎರಡು ಬೆರಳಿಗೆ ಹೊಡೆಯಿತು. ಉಳಿದರ್ಧದ ಅದುರಿಗೆ ಮೋಟಾರು ಕಿತ್ತುಕೊಂಡು ಹೊಲಕ್ಕೆ ಬಿತ್ತು. ಕ್ಯಾಮೆರಾದಲ್ಲಿ ಫೋಟೊ ಬಂದಿದೆ, ಒಂದು ಕ್ಷಣ ಮೊದಲಿನದು. ಹುಡುಗ ನಗುತ್ತಿದ್ದಾನೆ.

ಒಂಬತ್ತು ಹೊಲಿಗೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಡೆಸ್ಕಿಗೆ ಫೋನು ಮಾಡಿದೆ, ಪುಟ ಹೋಗಿಯಾಗಿತ್ತು. ಭಾನುವಾರ ನಮ್ಮ ವಿಮಾನ ಬಣ್ಣದಲ್ಲಿ ಯಶಸ್ವಿಯಾಗಿ ಹಾರಿತು. ತಿದ್ದುಪಡಿ ಕಳಿಸಿದೆ, ಬರಲಿಲ್ಲ. ಮತ್ತೆ ಕೇಳಲು ನನಗೂ ಧೈರ್ಯ ಇರಲಿಲ್ಲ ಅನ್ನುವುದೇ ಸರಿ. ಕಾಕಾ ನನ್ನನ್ನು ಬೈಯಲಿಲ್ಲ. “ಎಳಿ ಓರೆ ಇತ್ತು. ನಾ ಇನ್ನಷ್ಟು ಗಟ್ಟಿ ಹೇಳಬೇಕಿತ್ತು” ಅಂದ. ಬೈದಿದ್ದರೆ ಚೆನ್ನಾಗಿತ್ತು.

ವಾರದ ನಂತರ ರಾಮದುರ್ಗದಿಂದ ಒಬ್ಬ ಪ್ರೌಢಶಾಲೆ ಮಾಸ್ತರರ ಫೋನು. ಪೇಪರಿನಲ್ಲಿ ಓದಿದರಂತೆ. ಮಕ್ಕಳ ಕೈಯಿಂದ ಇಂಥದೇ ಪಂಕಾ ಕೆತ್ತಿಸಬೇಕು, ಯಾವ ಕಟ್ಟಿಗೆ ಆಗಬಹುದು ಅಂತ ಕೇಳಿದರು. ಮಾತು ಕೇಳುತ್ತಾ ಕೈ ತಣ್ಣಗಾಯಿತು. ನಡೆದದ್ದನ್ನೆಲ್ಲ ಹೇಳಿದೆ, ಬೆರಳಿನದೂ, ಫೋಟೊದ್ದೂ, ಶುಕ್ರವಾರ ರಾತ್ರಿಯದೂ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಪೇಪರಿನ್ಯಾಗ ಬಂದದ್ದು?” ಅಂದರು. ನಾನು ಬರೆದದ್ದು ಸುಳ್ಳು ಸರ್ ಅಂದೆ. ಆ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವರಿಗೇ.

ಹುಡುಗ ಮಾತ್ರ ಬಿಡಲಿಲ್ಲ. ಈ ಸಲ ಅವನೇ ಲೆಕ್ಕ ಮಾಡಿದ. ಚೀಟಿಯಲ್ಲಿದ್ದ 10×4.5 ಪ್ಲಾಸ್ಟಿಕ್ ಪಂಕಾ ಕೂಡ ನಿಧಾನ ಹಾರುವ ವಿಮಾನಕ್ಕೆ ಮಾಡಿದ ತೆಳು ಪಂಕಾ. ಎಪಿಸಿ ಕಂಪನಿ ಅಂಥ ಪಂಕಗಳಿಗೆ ಹೇಳುವ ಮಿತಿ 65,000ವನ್ನು ಇಂಚಿನಿಂದ ಭಾಗಿಸಿದಷ್ಟು ಸುತ್ತು, ಅಂದರೆ ನಿಮಿಷಕ್ಕೆ 6,500. ನಮ್ಮ ಮೋಟಾರು ಅದನ್ನು ಮೀರುತ್ತಿತ್ತು. ಮೇಲಾಗಿ 4.5 ಇಂಚು ಪಿಚ್ಚಿನಲ್ಲಿ 8,000 ಸುತ್ತಿಗೆ ಸಿಗುವುದು ಹೆಚ್ಚೆಂದರೆ ಗಂಟೆಗೆ 55 ಕಿಲೋಮೀಟರ್. ಗಾಳಿಯಂತ್ರ ನೆಡುವಂಥ ಗಾಳಿ ಬೀಸುವ ಸೀಮೆ ನಮ್ಮದು, ಎದುರು ಗಾಳಿ ಬಂದರೆ ವಿಮಾನ ನಿಂತಲ್ಲೇ ನಿಲ್ಲುತ್ತದೆ. ಗಟ್ಟಿ ಜಾತಿಯ 9×6 ತರಿಸಿದ. ಅಗಲ ಒಂದಿಂಚು ಕಡಿಮೆ ಆದ್ದರಿಂದ ಮೋಟಾರಿಗೆ ಭಾರವಿಲ್ಲ, 8,500 ಸುತ್ತಿಗೆ 78 ಕಿಲೋಮೀಟರ್ ತನಕ ಓಟ. ಬೆಲೆ 180 ರೂಪಾಯಿ. ಜೂನ್ ಮೊದಲ ವಾರ, ಮಳೆಗೆ ಮುಂಚೆ, ಅದೇ ಹೊಲದಲ್ಲಿ ವಿಮಾನ ಒಂದು ನಿಮಿಷ ನಲವತ್ತು ಸೆಕೆಂಡು ಹಾರಿ ಬೇವಿನ ಗಿಡಕ್ಕೆ ಸಿಕ್ಕಿಕೊಂಡಿತು. ನಾವು ಮೂವರೂ ಹಿಂದೆ ನಿಂತಿದ್ದೆವು. ಕ್ಯಾಮೆರಾ ನಾನು ಮನೆಯಲ್ಲೇ ಬಿಟ್ಟು ಹೋಗಿದ್ದೆ.

ಹುಡುಗನ ನಡುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಡಿಪ್ಲೊಮಾ ಮುಗಿಸಿದ್ದಾನೆ, ಹತ್ತರಗಿಗೆ ಅರ್ಜಿ ಹಾಕಿದ್ದಾನೆ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಕಾಕಾನ ಪಡಸಾಲೆಯ ತೊಲೆಯಿಂದ ಒಂದು ಹೊಸ ಪಂಕಾ ದಾರದಲ್ಲಿ ತೂಗುತ್ತಿತ್ತು. ಮೂರು ತೆಳು ಹಲಗೆ ಅಂಟಿಸಿ ಕೆತ್ತಿದ್ದು, ಅಂಟಿನ ಗೆರೆಗಳು ಓರೆಯ ಮೇಲೆ ಒಂದೇ ಸಮ ಬಾಗಿ ಹೋಗಿದ್ದವು. ಯಾವ ವಿಮಾನಕ್ಕೆ ಅಂತ ಕೇಳಿದೆ. ಯಾವುದಕ್ಕೂ ಅಲ್ಲ ಅಂದ. ಬೆರಳಿನಿಂದ ಮೆಲ್ಲಗೆ ಮುಟ್ಟಿದ. ಪಂಕಾ ಸ್ವಲ್ಪ ಹೊತ್ತು ಆಡಿ, ಒಂದು ಕಡೆ ಕೂದಲೆಳೆಯಷ್ಟು ಕೆಳಗೆ ಬಾಗಿ ನಿಂತಿತು.

“ಎಡಗಡಿ ಇನ್ನೂ ಒಂದೀಟು ಜಡ ಐತಿ” ಅಂದು, ದಾರ ಬಿಚ್ಚಿ, ಉಪ್ಪುಕಾಗದ ಹುಡುಕತೊಡಗಿದ.