ಐದನೆಯ ಗ್ರಾಮ

ದೆಹಲಿಗೆ ಹೋಗಿ ಅಂತರರಾಷ್ಟ್ರೀಯ ವ್ಯವಹಾರಗಳನ್ನು ಓದುತ್ತೇನೆಂದು ನಾನು ಹೇಳಿದಾಗ ನಮ್ಮ ಸೋದರಮಾವ, "ರಾಯಭಾರಕ್ಕೂ ಒಂದು ಸ್ಕೂಲೇ? ಕೃಷ್ಣ ಯಾವ ಸ್ಕೂಲಿಗೆ ಹೋಗಿದ್ದನಯ್ಯಾ?" ಎಂದರು. ಕೃಷ್ಣನ ಸಂಧಾನವೂ ಮುರಿದುಬಿತ್ತಲ್ಲ ಮಾವ, ಎನ್ನುವಷ್ಟು ಧೈರ್ಯ ನನಗಿರಲಿಲ್ಲ.

ಸ್ಕೂಲೇನೋ ಇತ್ತು. 1955ರಲ್ಲಿ ಸಪ್ರೂ ಹೌಸಿನಲ್ಲಿ ಹುಟ್ಟಿ, 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದೊಳಕ್ಕೆ ಸೇರಿಕೊಂಡದ್ದು. ಯುದ್ಧ, ಶಾಂತಿ, ಬಲಾಬಲಗಳ ದೊಡ್ಡ ದೊಡ್ಡ ತತ್ತ್ವಗಳನ್ನು ಅಲ್ಲಿ ಕಲಿಸಿದರು. ಪರೀಕ್ಷೆ ಮುಗಿದೊಡನೆ ಅವುಗಳಲ್ಲಿ ಅರ್ಧ ಮರೆತುಹೋದವು. ಮರೆಯದೆ ಉಳಿದದ್ದು, ಒಂದು ಇಡೀ ಗಂಟೆ 'ದಿ' ಎಂಬ ಇಂಗ್ಲಿಷ್ ಪದದ ಮೇಲೆ ನಡೆದ ಪಾಠ.

ಕನ್ನಡದಲ್ಲಿ ಈ ಪದವಿಲ್ಲ. ಅದಿಲ್ಲದೆ ನಮಗೇನೂ ನಷ್ಟವಾದಂತಿಲ್ಲ. 'ಹಸು ಬಂತು' ಎಂದರೆ ಯಾವ ಹಸು ಎಂಬುದು ಮನೆಮಂದಿಗೆಲ್ಲ ಗೊತ್ತು. ಆದರೆ ರಾಷ್ಟ್ರಗಳ ಕೊಟ್ಟಿಗೆಯ ರೀತಿಯೇ ಬೇರೆ. 1967ರ ಜೂನ್ ಯುದ್ಧದಲ್ಲಿ ಇಸ್ರೇಲು ಸಿನಾಯ್, ಗಾಜಾ, ಪಶ್ಚಿಮ ದಂಡೆ, ಗೋಲನ್ ಬೆಟ್ಟಗಳನ್ನು ಹಿಡಿದುಕೊಂಡಿತು. ಅದೇ ನವೆಂಬರ್ 22ರಂದು ಭದ್ರತಾ ಮಂಡಳಿ ಅಂಗೀಕರಿಸಿದ 242ನೆಯ ನಿರ್ಣಯ, ಆ ಯುದ್ಧದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲಿನ ಸೇನೆ ಹಿಂದೆಗೆಯಬೇಕೆಂದಿತು. ಇಂಗ್ಲಿಷ್ ಪ್ರತಿಯಲ್ಲಿ 'ಪ್ರದೇಶಗಳು' ಎಂಬುದಕ್ಕೆ ಮುಂಚೆ 'ದಿ' ಇಲ್ಲ. ಫ್ರೆಂಚ್ ಪ್ರತಿಯಲ್ಲಿ ಅದರ ಸಮಾನಪದ ಸೇರಿಕೊಂಡಿದೆ. ಹಾಗಾದರೆ ಎಲ್ಲ ಪ್ರದೇಶಗಳೋ, ಕೆಲವೋ? ಆಗ ಮಂಡಳಿಯ ಸದಸ್ಯನಾಗಿದ್ದ ಭಾರತ, ಎಲ್ಲವೂ ಎಂದೇ ತಿಳಿದು ಮತ ಕೊಡುವುದಾಗಿ ಸ್ಪಷ್ಟಪಡಿಸಿತು. ಇಸ್ರೇಲು ಹಾಗೆ ಓದಲಿಲ್ಲ. ಹದಿನೈದು ಸದಸ್ಯರೂ ಒಪ್ಪಿದ ನಿರ್ಣಯ ಅದು.

ಉದ್ಯೋಗಪರ್ವದಲ್ಲಿ ಧರ್ಮರಾಯ ನಾಲ್ಕು ಗ್ರಾಮಗಳನ್ನು ಹೆಸರು ಹಿಡಿದು ಕೇಳುತ್ತಾನೆ. ಐದನೆಯದು ಯಾವುದಾದರೂ ಆಗಲಿ ಎನ್ನುತ್ತಾನೆ. ಎದುರಾಳಿಯ ಮಾನ ಉಳಿಯಲೆಂದು ಬಿಟ್ಟ ಜಾಗ ಅದು ಎಂದು ನನ್ನ ಊಹೆ. 242ರಲ್ಲಿ ಐದಕ್ಕೆ ಐದೂ ಐದನೆಯ ಗ್ರಾಮಗಳೇ.

ನಮ್ಮ ತರಗತಿಯಲ್ಲಿ ಪಶ್ಚಿಮ ದಂಡೆಯಿಂದ ಬಂದ ವಿದ್ಯಾರ್ಥಿಯೊಬ್ಬನಿದ್ದ. ಬಹಳ ಮಿತಭಾಷಿ. ಆ ದಿನ ಪಾಠದ ಕೊನೆಗೆ ಎದ್ದು, "ಆ ಪದ ಇದ್ದಿದ್ದರೆ ನಮ್ಮ ಊರು ನಮಗೆ ಬರುತ್ತಿತ್ತೇ, ಸರ್?" ಎಂದು ಕೇಳಿದ.

ಪ್ರಾಧ್ಯಾಪಕರು ಸೀಮೆಸುಣ್ಣವನ್ನು ಕೆಳಗಿಟ್ಟರು. "ಇದ್ದಿದ್ದರೆ ನಿರ್ಣಯವೇ ಬರುತ್ತಿರಲಿಲ್ಲ."

"ಬಂದು ಏನಾಯಿತು?"

"1982ರಲ್ಲಿ ಸಿನಾಯ್ ಈಜಿಪ್ಟಿಗೆ ಮರಳಿತು."

"ನಮ್ಮ ಊರು ಸಿನಾಯಿಯಲ್ಲಿಲ್ಲ, ಸರ್" ಎಂದು ಹೇಳಿ ಅವನು ಕುಳಿತುಕೊಂಡ.

ಇಬ್ಬರ ಮಾತೂ ನಿಜವಾಗಿತ್ತು, ಕಷ್ಟವಿದ್ದದ್ದೇ ಅಲ್ಲಿ. ಮಧ್ಯಾಹ್ನ ಢಾಬಾದಲ್ಲಿ ಚಹಾ ಕುಡಿಯುವಾಗ ಅವನು ತಾನಾಗಿಯೇ ಮಾತು ತೆಗೆದು, ತಾತ ನೆಟ್ಟ ಆಲಿವ್ ಮರಗಳ ವಿಷಯ ಹೇಳಿದ. ಎಷ್ಟು ಮರಗಳಿದ್ದವು ಎಂದೆ. ನಾನು ಕೇಳಿ ಮುಗಿಸುವ ಮೊದಲೇ, ನಲವತ್ತೊಂದು ಎಂದ.