ದುಡಿಮೆಯ ಠಾವಿನ ಭಾವಚಿತ್ರಗಳು

ಬೀದರಿಗೆ ಹೋದವರು ಅಲ್ಲಿಯ ಕೋಟೆಯನ್ನೂ 1472ರಲ್ಲಿ ಪೂರ್ಣಗೊಂಡ ಮಹಮೂದ ಗಾವಾನನ ಮದ್ರಸವನ್ನೂ ಛಾಯಾಚಿತ್ರದಲ್ಲಿ ಹಿಡಿದು ತರುವರು. ಆ ಗೋಡೆಗಳ ನೆರಳಿನಲ್ಲಿ ದುಡಿಯುವವರ ಮುಖವನ್ನು ತರುವವರು ವಿರಳ. ದುಡಿಯುವವರನ್ನು ಅವರವರ ದುಡಿಮೆಯ ಠಾವಿನಲ್ಲಿಯೇ ಕಂಡು ಭಾವಚಿತ್ರಗಳ ಮಾಲೆಯೊಂದನ್ನು ಕಟ್ಟಬೇಕೆಂದು ನಾವು ಹೊರಟೆವು.

ಮೊದಲು ಹೊಕ್ಕದ್ದು ಬೀದರಿನ ಬಿದರಿ ಕೆಲಸಗಾರರ ಓಣಿ. 2006ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಈ ಕಲೆಯಲ್ಲಿ ಸತುವಿಗೆ ಕೊಂಚ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯನ್ನು ಬಡಿದು ಕೂರಿಸುವರು. ಕಡೆಗೆ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಬೆಚ್ಚಗಾದ ಪಾತ್ರೆಗೆ ಉಜ್ಜಿದರೆ ಲೋಹವು ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದು.

ಇಲ್ಲಿಯೇ ನಾವು ಎಡವಿದೆವು. ಹಿರಿಯ ಕುಶಲಕರ್ಮಿಯೊಬ್ಬರ ಅಪ್ಪಣೆ ಪಡೆದು, ಚಿತ್ರವು ಅಂದವಾಗಲೆಂದು ನೆಲದ ಮೇಲಿನ ಲೋಹದ ಪುಡಿಯನ್ನು ಗುಡಿಸಿದೆವು. ಉಳಿ ಸುತ್ತಿಗೆಗಳನ್ನು ಬದಿಗಿಟ್ಟು ಅವರನ್ನು ನೆಟ್ಟಗೆ ಕೂರಿಸಿದೆವು. ತೆಗೆದು ನೋಡಿದರೆ ಮದುವೆಗೆ ಬಂದ ಅತಿಥಿಯ ಚಿತ್ರದಂತಿತ್ತು! ಅವರು ನಕ್ಕು, “ಕೈ ಖಾಲಿ ಇದ್ದರ ನಾ ಯಾರಂತ ಹ್ಯಾಂಗ ಗೊತ್ತಾಗಬೇಕ್ರಿ?” ಎಂದರು. ನಾವು ಕ್ಯಾಮರಾ ಮುಚ್ಚಿ ಒಂದು ತಾಸು ಸುಮ್ಮನೆ ಕುಳಿತೆವು. ನಮ್ಮ ಇರವನ್ನೇ ಮರೆತು ಅವರು ಪಾತ್ರೆಯನ್ನು ಬಾಗಿಲ ಬೆಳಕಿಗೆ ತಿರುಗಿಸಿ ಗೀರನ್ನು ಪರೀಕ್ಷಿಸುವಾಗ ತೆಗೆದುದೇ ನಮ್ಮ ಮಾಲೆಯ ಮೊದಲ ಚಿತ್ರವಾಯಿತು.

ಅಲ್ಲಿಂದ ವಾಯವ್ಯಕ್ಕಿರುವ ಭಾಲ್ಕಿಗೆ ಬಂದೆವು. ಇಲ್ಲಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಸೀಮೆಯಲ್ಲಿ ಮನೆಮಾತು. ಅಂದು ಯಾರಾದರೂ ಬಾಗಿಲಿನ ಚಿತ್ರವನ್ನಷ್ಟೇ ತೆಗೆದಿದ್ದರೆ ಅದು ಎಂತಹ ಸುಳ್ಳನ್ನು ಹೇಳುತ್ತಿತ್ತು! ಇದನ್ನು ನೆನೆದು, ದರ್ಜಿಯೊಬ್ಬರ ಅಂಗಡಿಯ ಹೊರಗೆ ನಿಲ್ಲದೆ ಒಳಹೊಕ್ಕೆವು. ಹೊಲಿಗೆಯಂತ್ರದ ಪಕ್ಕದಲ್ಲಿ ಮೊಮ್ಮಗಳು ಪಾಠ ಬರೆಯುತ್ತಿದ್ದಳು. ಅಜ್ಜನ ಒಪ್ಪಿಗೆಯಿಂದ ಅವಳನ್ನೂ ಚಿತ್ರದಲ್ಲಿ ಉಳಿಸಿಕೊಂಡೆವು.

ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಔರಾದಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ತಾಯಿಯೊಬ್ಬರು, “ನಮ್ಮ ಒಲಿ ಮುಂದಿಂದೂ ಒಂದು ಕೆಲಸ ಏನ್ರಿ?” ಎಂದು ಬೆರಗಾದರು. ಬಳಿಕ, “ಫೋಟೋ ಹೊಡಕೊಂಡು ಹೋದವರು ಬಾಳ ಮಂದಿ, ತಂದು ಕೊಟ್ಟವರು ಯಾರೂ ಇಲ್ಲ” ಎಂದರು. ಆ ಮಾತು ನಮಗೆ ನಾಟಿತು. ಮರುತಿಂಗಳು ಚಿತ್ರಗಳನ್ನು ಅಚ್ಚು ಹಾಕಿಸಿ ಮೂರು ಊರುಗಳಿಗೂ ಹೋಗಿ ಅವರವರ ಕೈಗೇ ಒಪ್ಪಿಸಿದೆವು. ಆ ತಾಯಿ ತಮ್ಮ ಮುಖಕ್ಕಿಂತ ಮೊದಲು ಹಂಚಿನ ಮೇಲಣ ರೊಟ್ಟಿಯನ್ನು ನೋಡಿ, “ಚಲೋ ಉಬ್ಬ್ಯದ” ಎಂದರು.

ಇಂಥ ಮಾಲೆಯನ್ನು ಆರಂಭಿಸಬಯಸುವ ವಾಚಕರು ಕೇಳಿ ತೆಗೆಯಲಿ, ಠಾವನ್ನು ಕದಲಿಸದಿರಲಿ, ತೆಗೆದುದನ್ನು ತಪ್ಪದೆ ತಲುಪಿಸಲಿ. ಅದಕ್ಕಾಗಿ ಬೀದರಿನವರೆಗೆ ಬರಬೇಕಾಗಿಲ್ಲ. ಮೊದಲ ಚಿತ್ರವು ತಮ್ಮ ಮನೆಯ ಒಲೆಯ ಮುಂದೆಯೇ ದೊರೆತೀತು.