ಅಲೆ ತರುವುದು ನೀರನ್ನಲ್ಲ

ಬೇಸಿಗೆ ರಜೆಗೆಂದು ದಾವಣಗೆರೆಯಿಂದ ಬಂದಿದ್ದ ಅಕ್ಕನ ಮಗ ಮಲ್ಪೆಯ ಮರಳಿನಲ್ಲಿ ನಿಂತು, “ಮಾಮಾ, ಇಷ್ಟೊಂದು ನೀರು ದಡಕ್ಕೆ ಬರ್ತಾನೇ ಐತಲ್ಲ, ಊರು ಯಾಕೆ ಮುಳುಗಲ್ಲ?” ಎಂದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನನಗೆ ತರಗತಿಯಲ್ಲಿ ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

ಅಲೆಗಳು ಒಡೆಯುವ ಜಾಗದಿಂದಾಚೆ ಒಂದು ತೆಂಗಿನಕಾಯಿ ತೇಲುತ್ತಿತ್ತು. ಅದನ್ನು ನೋಡುತ್ತಿರು ಎಂದೆ. ಅಲೆ ಬಂದಾಗ ಕಾಯಿ ಮೇಲೇರಿ ತುಸು ಮುಂದೆ ಸರಿಯಿತು. ಅಲೆ ದಾಟಿದ ಮೇಲೆ ಇಳಿದು ಹಿಂದೆ ಬಂತು. ಹತ್ತು ಅಲೆ ಹೋದರೂ ಹೆಚ್ಚುಕಡಿಮೆ ಅಲ್ಲೇ ಇತ್ತು. ನೀರೂ ಹಾಗೆಯೇ. ಇದ್ದಲ್ಲೇ ಒಂದು ಸುತ್ತು ಹಾಕಿ, ಪಕ್ಕದ ನೀರನ್ನು ತಳ್ಳಿ, ಬಹುಮಟ್ಟಿಗೆ ಹಳೆಯ ಜಾಗಕ್ಕೇ ಮರಳುತ್ತದೆ. ಮುಂದೆ ಸಾಗುವುದು ಶಕ್ತಿ ಮಾತ್ರ. ಬಾವಿ ಹಗ್ಗದ ತುದಿಯನ್ನು ಕಂಬಕ್ಕೆ ಕಟ್ಟಿ ಜಾಡಿಸಿ ನೋಡಿ: ಹಗ್ಗ ನಿಮ್ಮ ಕೈಯಲ್ಲೇ ಇರುತ್ತದೆ, ಜಗ್ಗು ಮಾತ್ರ ಕಂಬಕ್ಕೆ ಮುಟ್ಟುತ್ತದೆ.

ಆ ಶಕ್ತಿ ಎಷ್ಟು? ಒಂದು ಮೀಟರ್ ಎತ್ತರದ ಅಲೆಗಳಿರುವ ಕಡಲಿನಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 1,250 ಜೂಲ್. ಅಂದರೆ 50 ಕಿಲೋ ಅಕ್ಕಿ ಮೂಟೆಯನ್ನು ಎರಡೂವರೆ ಮೀಟರ್ ಮೇಲೆತ್ತುವಷ್ಟು. ಅಲೆಯ ಎತ್ತರ ಎರಡು ಮೀಟರ್ ಆದರೆ ಎರಡು ಮೂಟೆಯಲ್ಲ, ನಾಲ್ಕು ಮೂಟೆ! ಶಕ್ತಿ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಲೆ ಸ್ವಲ್ಪವೇ ದೊಡ್ಡದಾಗಿದೆ ಎನ್ನುವವರು ಈ ಲೆಕ್ಕ ಹಾಕಿರುವುದಿಲ್ಲ.

ಈ ಶಕ್ತಿ ಬಹಳ ದೂರದಿಂದಲೂ ಬರುತ್ತದೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ನಮ್ಮ ಪಶ್ಚಿಮ ಕರಾವಳಿಯನ್ನು ಮುಟ್ಟುತ್ತವೆ. ಇಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಆದರೂ ಕಡಲು ಉಕ್ಕುತ್ತದೆ. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನಂತೆ ಬರುವ ಕಡಲು. ಎಂಥ ಸೊಗಸಾದ ಹೆಸರು!

ಆದರೆ ದಡದ ಹತ್ತಿರ ಕಥೆಯೇ ಬೇರೆ. ಆಳ ಕಡಿಮೆಯಾದಂತೆ ಅಲೆ ನಿಧಾನವಾಗಿ, ಎತ್ತರವಾಗಿ, ಕೊನೆಗೆ ಮುಗ್ಗರಿಸಿ ಒಡೆಯುತ್ತದೆ. ಅಲ್ಲಿ ಮಾತ್ರ ನೀರು ನಿಜವಾಗಿಯೂ ದಡಕ್ಕೆ ನುಗ್ಗುತ್ತದೆ. ನುಗ್ಗಿದ್ದು ಹಿಂದಿರುಗಲೇಬೇಕಲ್ಲ? ಮರಳ ದಿಬ್ಬಗಳ ನಡುವಿನ ಕಿರಿದಾದ ತಗ್ಗಿನಲ್ಲಿ ಅದು ಹೊಳೆಯಂತೆ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ಆಳ ಹೆಚ್ಚಾದ್ದರಿಂದ ಅಲೆ ಅಷ್ಟಾಗಿ ಒಡೆಯುವುದಿಲ್ಲ, ನೊರೆಯಿಲ್ಲ, ನೀರು ಶಾಂತವಾಗಿ ಕಾಣುತ್ತದೆ. ಕೆರೆ ನೋಡಿ ಬೆಳೆದ ಬಯಲುಸೀಮೆಯ ಮಕ್ಕಳು ಇಳಿಯಲು ಆರಿಸುವುದು ಅದೇ ಜಾಗವನ್ನು. ಸೆಕೆಂಡಿಗೆ ಎರಡು ಮೀಟರ್ ವೇಗ ಪಡೆಯಬಲ್ಲ ಆ ಸೆಳೆತದ ಎದುರು ಈಜುವುದು ನುರಿತವರಿಗೂ ಆಗದ ಮಾತು. ಶಾಲಾ ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಅಪ್ಪ ಅಮ್ಮಂದಿರು ಮೊದಲು ಇದನ್ನು ಮಕ್ಕಳಿಗೆ ಹೇಳಬೇಕು. ಕೆಂಪು ಬಾವುಟವಿದ್ದರೆ, ಕಾವಲುಗಾರರಿಲ್ಲದಿದ್ದರೆ, ನೀರಿಗೆ ಇಳಿಯಲೇಬಾರದು.

ಅಕ್ಕನ ಮಗನಿಗೆ ಇನ್ನೊಂದು ಮಾತನ್ನೂ ಹೇಳಿಕೊಟ್ಟೆ. ಆ ಸೆಳೆತ ಹೊರಕ್ಕೆ ಎಳೆಯುತ್ತದೆ, ತಳಕ್ಕಲ್ಲ. ಸಿಕ್ಕಿಕೊಂಡರೆ ದಡದ ಕಡೆ ಒದ್ದಾಡದೆ ತೇಲುತ್ತಾ ಕೈಯೆತ್ತಿ ಕೂಗಬೇಕು. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಸೆಳೆತದ ಪಟ್ಟಿ ಸಾಮಾನ್ಯವಾಗಿ ಅಗಲವಿರುವುದಿಲ್ಲ. ಅದನ್ನು ದಾಟಿ ನೊರೆ ಕಾಣುವ ಕಡೆಗೆ ಬಂದರೆ, ಒಡೆಯುವ ಅಲೆಯೇ ದಡದತ್ತ ತಳ್ಳುತ್ತದೆ.